ದಿನಕ್ಕೆ ಮೂವತ್ತು

ಹತ್ತೊಂಬತ್ತು ವರ್ಷ ಅವಿಭಾಜ್ಯ ಸಂಖ್ಯೆಗಳ ಹಿಂದೆ ಬಿದ್ದಿದ್ದೆ.
ಐವತ್ತರ ಹೊಸ್ತಿಲಲ್ಲಿ, ಇಲಿಗಳ ಹಿಂದೆ.
ಗುರುಗಳು ಕೇಳಿದ್ದು ಒಂದೇ:
"ಇದರಲ್ಲಿ ಪ್ರಮೇಯ ಎಲ್ಲಿದೆ?"

ಮಳೆನೀರು ಇಳಿದ ಮೇಲೆ ಪರೇಲಿನಲ್ಲಿ ಜ್ವರ ಏಳುತ್ತದೆ,
ಕಣ್ಣು ಹಳದಿ, ಮೀನಖಂಡ ಹಿಂಡುವ ನೋವು.
ಎಷ್ಟು ಇಲಿಗೆ ಎಷ್ಟು ಜ್ವರ, ಅಷ್ಟೇ ನನ್ನ ಸಮೀಕರಣ.

ವಾರ್ಡ್ ಆಫೀಸಿನ ರಿಜಿಸ್ಟರು ತೆರೆದೆ:
ಭಿವಾ ಶೆಲಾರ, ಸೋಮವಾರ ಮೂವತ್ತು.
ಮಂಗಳವಾರ ಮೂವತ್ತು.
ಹಳಿ ಮುಳುಗಿ ರೈಲು ನಿಂತ ರಾತ್ರಿಯೂ ಮೂವತ್ತು.
ಗ್ರಹಗಳಿಗೂ ಇಷ್ಟು ನಿಯತ್ತಿಲ್ಲ.

ಒಂದು ರಾತ್ರಿ ಜೊತೆಗೆ ಹೋದೆ.
ಟಾರ್ಚು ನನ್ನ ಕೈಲಿ, ಕೋಲು ಅವನದು.
ಮೀನು ಮಾರ್ಕೆಟ್ಟಿನ ಹಿಂದೆ ನಲವತ್ತೊಂದು ಬಿದ್ದವು.
ಹನ್ನೊಂದನ್ನು ಬೇರೆ ಚೀಲಕ್ಕೆ ಹಾಕಿ ಗಂಟು ಬಿಗಿದ.
"ಮೂವತ್ತಕ್ಕೆ ಕಮ್ಮಿಯಾದರೆ ಪಗಾರ ಇಲ್ಲ, ತಾಯೀ.
ನಾಳೆ ಹುಣ್ಣಿಮೆ. ಬೆಳಕಿಗೆ ಹೊರಬೀಳಲ್ಲ ಇವು."

ನಾನೂ ಹಾಗೇ. ಒಂದು ವರ್ಷ ಎರಡು ಪ್ರಬಂಧ ಮುಗಿದಾಗ
ಒಂದನ್ನು ಡ್ರಾಯರಿಗೆ ಸೇರಿಸಿದ್ದೆ,
ಮುಂದಿನ ವರ್ಷದ ವರದಿಗೆ.

ಮೊದಲ ಲೋಕಲ್ಲಿನಲ್ಲಿ ಕೂತು
ಸಮೀಕರಣದೊಳಕ್ಕೆ ಚಂದ್ರನನ್ನು ಕರೆದೆ.
ಚೀಲಕ್ಕೂ ಒಂದು ಅಕ್ಷರ ಕೊಟ್ಟೆ: ಭ.
ಅಚ್ಚಾಗಿ ಆರು ವರ್ಷ.
ಏನದು ಅಂತ ಯಾರೂ ಕೇಳಿಲ್ಲ.