ಅಮರಾವತಿಗೆ, ಆರ್ಡರ್ ಬಂದ ದಿನ

ನಿಮ್ಮಮ್ಮ ಫೋನು ಮಾಡಿ ಅತ್ತಳು ಕಣೇ, ಸಂತೋಷಕ್ಕೆ.
ಆಮೇಲೆ ಇನ್ನೊಂದು ಸಲ ಅತ್ತಳು, ಕಂಬ ನೆನೆದು.
ಎರಡಕ್ಕೂ ನಾನು ಹೂಂ ಅಂದೆ.
ಇಪ್ಪತ್ತೆಂಟು ವರ್ಷ ಹತ್ತಿ ಇಳಿದವನು
ಬೇರೆ ಏನು ಹೇಳಲಿ?

ಶಿಡ್ಲಘಟ್ಟದ ಸೆಕ್ಷನ್ ಆಫೀಸಿನ ಬೆಂಚಿನ ಮೇಲೆ
ಹಳೇ ಬಿಲ್ಲಿನ ಬೆನ್ನಿಗೆ ಇದನ್ನ ಬರೆಯುತ್ತಿದ್ದೇನೆ.
ರಾತ್ರಿ ಪಾಳಿ. ಮೇಜಿನ ಫೋನು ಸದ್ಯ ಮಲಗಿದೆ.

ತಿಂಗಳಿಗೆ ಸರಿಯಾಗಿ ಸಂಬಳ. ಅದು ಸುಳ್ಳಾಗಲ್ಲ.
ಬ್ಯಾಂಕಿನವನು ಕುರ್ಚಿ ಎಳೆದು ಕೂರಿಸುತ್ತಾನೆ,
ಸಾಲ ಬೇಡವೆಂದರೂ ಫಾರಂ ಮುಂದಿಡುತ್ತಾನೆ.
ನಿಮ್ಮಪ್ಪನ ಎದೆನೋವಿನ ಆಸ್ಪತ್ರೆ ಬಿಲ್ಲು
ಅರ್ಧವಾದರೂ ವಾಪಸ್ಸು ಬರುತ್ತೆ,
ಎಂಟು ತಿಂಗಳಿಗೋ ಒಂಬತ್ತಕ್ಕೋ, ಹೆತ್ತ ಹಾಗೆ.

ಬೋರ್ಡು ಹೋಗಿ ನಿಗಮ, ನಿಗಮ ಒಡೆದು ಕಂಪನಿ.
ಲೆಟರ್‌ಹೆಡ್ ಬದಲಾದಾಗಲೆಲ್ಲ ಅದೇ ಏಣಿ ಹೊತ್ತೆವು.
ಊರ ಬಾಯಲ್ಲಿ ನಾವು ಇವತ್ತಿಗೂ ಕೆಇಬಿ.
ಕರೆಂಟು ಇದ್ದಾಗ ನಮ್ಮ ಹೆಸರು ಯಾರಿಗೂ ಬೇಡ,
ಹೋದ ಗಳಿಗೆಗೆ ಬೈಗುಳ, ನಮ್ಮವ್ವನಿಂದ ಶುರು.

ಬಾಬಾಜಾನ್ ನಿನಗೆ ಗೊತ್ತಿಲ್ಲ.
ಗೂಡಿನ ಮಾರ್ಕೆಟ್ಟಿನ ಹಿಂದೆ ನೂಲು ಬಿಚ್ಚುವವನು.
ಎರಡು ಸಾವಿರದ ಮುನ್ನೂರ ನಲವತ್ತು ಬಾಕಿ.
ಕಟ್ ಮಾಡು ಅಂತ ಲಿಸ್ಟು. ಹೋದೆ.
ಬಾಣಲೆಯಲ್ಲಿ ಗೂಡು ಬೇಯುತ್ತಿತ್ತು,
ಎಳೆ ಆಗಲೇ ರಾಟೆ ಹಿಡಿದಿತ್ತು.
ಅವನ ಹೆಂಡತಿಯ ಬೆರಳು ಬಿಸಿನೀರಲ್ಲಿ ಬಿಳಿಚಿ
ಗೂಡಿನಂತೆಯೇ ಇದ್ದವು.
"ಸಂಜೆ ತನಕ, ಸಾಬ್" ಅಂದ. ಬಿಟ್ಟೆ.
ಸಂಜೆ ಅವನು ದುಡ್ಡು ಕಟ್ಟಿದ. ನನಗೆ ಮೆಮೊ ಬಂತು,
ಇಂಕ್ರಿಮೆಂಟು ಒಂದು ವರ್ಷ ತಡೆದರು.
ದೊಡ್ಡ ಕಂಪನಿಯ ಗುಣ ಇದು, ತಿಳಕೋ:
ಕೆಲಸದಿಂದ ತೆಗೆಯಲ್ಲ, ಬೆನ್ನೂ ತಟ್ಟಲ್ಲ.
ಮುಂದಿನ ತಿಂಗಳ ಲಿಸ್ಟಲ್ಲಿ ಬೇರೆ ಮನೆ.
ಅದನ್ನ ಕತ್ತರಿಸಿದೆ. ಅದರ ಬಗ್ಗೆ ಬರೆಯಲ್ಲ.

ಸೊಣ್ಣಪ್ಪನ ಹೆಸರು ಕೇಳಿರುತ್ತೀಯ.
ಮೇಲೂರು ದಾರಿಯ ಟಿಸಿ. ಎಲ್‌ಸಿ ತಗೊಂಡಿದ್ದ,
ಫೀಡರು ಬಂದಾಗಿತ್ತು.
ಯಾರದೋ ಮದುವೆಮನೆಯ ಜನರೇಟರು
ತಂತಿಯೊಳಗೆ ಹಿಂದಕ್ಕೆ ನಡೆದು ಬಂತು.
ಕೆಳಗೆ ಹಗ್ಗ ಹಿಡಿದವನು ನಾನು.
ಪರಿಹಾರ ಬಂತು, ವಿಮೆ ಬಂತು,
ಮಗನಿಗೆ ಅನುಕಂಪದ ಕೆಲಸ ಬಂತು.
ಕಂಪನಿ ಕೈಬಿಡಲಿಲ್ಲ, ಸುಳ್ಳು ಹೇಳಬಾರದು.
ಆ ಹುಡುಗ ಈಗ ಅದೇ ಟಿಸಿಗೆ ಫ್ಯೂಸು ಹಾಕುತ್ತಾನೆ,
ಹತ್ತುವ ಮುಂಚೆ ಕಂಬ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ.
ನಾನು ಆಗ ಬೇರೆ ಕಡೆ ನೋಡುತ್ತೇನೆ.

ಆದರೂ ಒಂದು ಮಾತು.
ಗಾಳಿಮಳೆ ನಿಂತ ರಾತ್ರಿ, ಎರಡೂವರೆಗೆ,
ಹ್ಯಾಂಡಲ್ ಎತ್ತಿದಾಗ ಊರು ಒಂದೇ ಸಲ ಕಣ್ಣು ಬಿಡುತ್ತಲ್ಲ,
ರಾಟೆಗಳು ಗುಂಯ್ ಅನ್ನುತ್ತವೆ,
ಯಾವುದೋ ಮಗು ಓ ಅನ್ನುತ್ತೆ.
ನೆನೆದ ಹಗ್ಗ ಸುತ್ತುತ್ತಾ ನಾನೊಬ್ಬನೇ ನಗುತ್ತೇನೆ.
ಪೇ ಸ್ಲಿಪ್ಪಲ್ಲಿ ಅದಕ್ಕೆ ಕಾಲಂ ಇಲ್ಲ.

ಆರ್ಡರಲ್ಲಿ ನಿನ್ನನ್ನ ಪವರ್‌ಮ್ಯಾನ್ ಅಂತ ಬರೆದಿದ್ದಾರೆ,
ನಗು ಬಂದರೆ ನಕ್ಕುಬಿಡು, ಸಹಿ ಹಾಕು.
ಇಲ್ಲಿ ಹೆಂಗಸರಿಗೆ ಬಚ್ಚಲಿಲ್ಲ. ಅರ್ಜಿ ಕೊಡು,
ಕೊಡುತ್ತಲೇ ಇರು, ಕಂಪನಿಗೆ ಕಾಗದ ಮಾತ್ರ ಕೇಳಿಸುತ್ತೆ.

ಅಯ್ಯೋ, ಫೋನು ಎದ್ದಿತು. ಹೋಗಬೇಕು.
ಒಂದೇ ಒಂದು:
ಅವರು ಕೊಡುವ ರಬ್ಬರ್ ಗ್ಲೌಸು ನಂಬಬೇಡ.
ಬಾಯಿ ಬಿಗಿಹಿಡಿದು ನಿನ್ನ ಉಸಿರು ತುಂಬು,
ಕಿವಿಗೆ ಹತ್ತಿರ ತಗೊಂಡು ಕೇಳು.
ಎಲ್ಲಾದರೂ ಸುಯ್ ಅಂದರೆ ಹತ್ತಬೇಡ,
ಸಾಹೇಬರು ಕೂಗಿದರೂ,
ಊರೇ ಕತ್ತಲಲ್ಲಿ ನಿಂತು ಕೂಗಿದರೂ.