ಐದನೆಯ ತೂತು

ನೆಲದಿಂದ ಎದ್ದ ಬಾವಿಯ ಹಾಗೆ ನಮ್ಮ ಒಲೆ.
ರೊಟ್ಟಿ ಬಡಿಯುವವನು ಸೊಂಟದವರೆಗೂ ಅದರೊಳಗೆ ಬಗ್ಗಬೇಕು,
ಉದ್ದನೆಯ ಹಿಟ್ಟನ್ನು ಕಾದ ಗೋಡೆಗೆ ಅಂಟಿಸಿ
ಕೂದಲು ಕಮರುವ ಮುಂಚೆ ಹೊರಗೆ ಬರಬೇಕು.
ಕುತೈಸಿಯ ಈ ಬೀದಿಯಲ್ಲಿ ಇಪ್ಪತ್ತೆರಡು ವರ್ಷ
ಗೋಚಾ ಹೀಗೇ ಬಗ್ಗಿದ, ಎದ್ದ, ಬಗ್ಗಿದ.
ನಾನು ಕಿಟಕಿಯಲ್ಲಿ ಕೂತು ರೊಟ್ಟಿ ಮಾರಿದೆ.
ಗಂಡನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದವಳು ನಾನು.

ಹೋದ ದ್ರಾಕ್ಷಿ ಸುಗ್ಗಿಯಲ್ಲಿ
ಹೊಟ್ಟೆ ಒಲೆಯ ಅಂಚಿಗೆ ತಾಗಿ ನಿಂತುಬಿಟ್ಟಿತು.
ರೊಟ್ಟಿ ಗೋಡೆ ಮುಟ್ಟದೆ ಕೆಂಡಕ್ಕೆ ಬಿತ್ತು.
ಸಾಲಿನಲ್ಲಿದ್ದ ಹುಡುಗರು ನಕ್ಕರು. ಅವನೂ ನಕ್ಕ.
ಮರುದಿನದಿಂದ ಬೆಳಗಿನದು ಬಿಟ್ಟ,
ವಾರ ಕಳೆದು ಮಧ್ಯಾಹ್ನದ್ದನ್ನೂ.
‘ಚಹಾ ಸಾಕು. ನೋಡು ನಾನುಲಿ, ಐದನೆಯ ತೂತು!’
ಮೊಳೆ ಕಾಯಿಸಿ ಬೆಲ್ಟಿಗೆ ತಾನೇ ಚುಚ್ಚಿಕೊಂಡದ್ದು.
ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಯಾಕೆ.

ಆಮೇಲೆ ಒಂದು ದಿನ ಹಿಟ್ಟಿಗೆ ಎರಡು ಸಲ ಉಪ್ಪು ಬಿತ್ತು.
ಇನ್ನೊಂದು ದಿನ ಉಪ್ಪೇ ಇಲ್ಲ.
ಎಂಬತ್ತು ದಾಟಿದ ಬಾಬುತ್ಸಾ
ಹತ್ತು ತೆತ್ರಿ ಕಡಿಮೆ ಕೊಟ್ಟಳೆಂದು
ಬಿಸಿ ರೊಟ್ಟಿಯನ್ನು ಅವಳ ಕೈಯಿಂದ ಕಿತ್ತುಕೊಂಡ,
ಆಮೇಲೆ ಹಿತ್ತಿಲಿಗೆ ಹೋಗಿ ಅತ್ತ.
ಒಲೆಯ ಪಕ್ಕದಲ್ಲೇ ನಿಂತವನ ಬೆರಳು
ರಿಯೋನಿ ಹೊಳೆಯ ಕಲ್ಲಿನಷ್ಟು ತಣ್ಣಗೆ.
ಹೊಟ್ಟೆ ಚುರುಗುಟ್ಟುವುದು ನಿಂತಿತಂತೆ,
ಹಸಿವನ್ನು ಗೆದ್ದೆ ಅಂದ.

ಗೆದ್ದದ್ದು ಯಾರೆಂದು ರಾತ್ರಿ ಗೊತ್ತಾಗುತ್ತಿತ್ತು.
ಎರಡು ಗಂಟೆಗೆ, ಫ್ರಿಜ್ಜಿನ ಬೆಳಕಿನಲ್ಲಿ,
ಬರಿಗಾಲಲ್ಲಿ ನಿಂತು
ಮಡಕೆಯಿಂದಲೇ ತಣ್ಣನೆಯ ಬೀನ್ಸು,
ಭಾನುವಾರದ ನೆಂಟರಿಗೆಂದು ಇಟ್ಟ ಚೀಸಿನ ಅರ್ಧ,
ಮಾರಾಟವಾಗದ ರೊಟ್ಟಿಗಳ ಗಟ್ಟಿ ತುದಿಗಳು.
ಅಗಿಯುವ ಸದ್ದು ನನಗೆ ಕೇಳದಿರಲೆಂದು
ನಲ್ಲಿ ತಿರುಗಿಸಿ ಬಿಟ್ಟಿರುತ್ತಿದ್ದ.
ಗೋಡೆಯ ಕಡೆ ಮುಖ ಮಾಡಿ ಮಲಗಿದವಳು
ನೀರು ನಿಲ್ಲುವುದನ್ನೇ ಕಾಯುತ್ತಿದ್ದೆ.
ಬೆಳಗ್ಗೆ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.
ಅವನಿಗೆ ಮತ್ತೆ ಚಹಾ.

ಫೆಬ್ರುವರಿ, ಗುರುವಾರ, ಹನ್ನೊಂದಕ್ಕೆ ಹತ್ತು ನಿಮಿಷ.
ಬಗ್ಗಿದ.
ನಾನು ಚಿಲ್ಲರೆ ಎಣಿಸುತ್ತಿದ್ದೆ.
ಆ ಬೆನ್ನು ಎಷ್ಟು ಹೊತ್ತಿಗೆ ಏಳಬೇಕೆಂದು
ನನ್ನ ಮೈಗೆ ಗೊತ್ತು, ಗಡಿಯಾರ ಬೇಕಿಲ್ಲ.

ಏಳಲಿಲ್ಲ.

ನಾಣ್ಯ ಚೆಲ್ಲಿದ್ದು ನೆನಪಿದೆ, ನಾನು ಓಡಿದ್ದು ನೆನಪಿಲ್ಲ.
ಕೈಗೆ ಸಿಕ್ಕಿದ್ದು ಬೆಲ್ಟು.
ಎರಡೂ ಕಾಲನ್ನು ಒಲೆಗೆ ಒದ್ದು ಎಳೆದೆ,
ಹಿಟ್ಟಿನ ಮೂಟೆ ಎಳೆದ ಹಾಗೆ.
ಹುಬ್ಬೆರಡೂ ಹೋಗಿದ್ದವು. ಎಡಗಿವಿಯ ಅಂಚಿಗೆ ಬೊಬ್ಬೆ.
ಕಣ್ಣು ಬಿಟ್ಟವನು ಕೇಳಿದ್ದು:
‘ರೊಟ್ಟಿ ಅಂಟಿತಾ?’

ಆಸ್ಪತ್ರೆಯ ಹುಡುಗಿ ಬೆರಳು ಚುಚ್ಚಿ,
ಯಂತ್ರ ನೋಡಿ, ಮುಖ ಗಂಟಿಕ್ಕಿ,
ನಿನ್ನೆಯಿಂದ ಏನು ತಿಂದಿರಿ ಅಂದಳು.
ಅವನು ಛಾವಣಿ ನೋಡಿದ.
‘ಬೀನ್ಸು, ಚೀಸು, ನಲ್ಲಿ ನೀರು’ ಅಂದೆ ನಾನು.
ಅಷ್ಟು ಹೊತ್ತಿಗೆ ಮೊದಲ ಸಲ ನನ್ನ ಕಡೆ ತಿರುಗಿದ,
ಹುಬ್ಬಿಲ್ಲದ ಮುಖದಲ್ಲಿ ಆಶ್ಚರ್ಯ ಹೇಗೆ ಕಾಣುತ್ತದೆಂದು
ಅವತ್ತು ತಿಳಿಯಿತು.

ಈಗ ಒಂಬತ್ತಕ್ಕೆ ಒಲೆ ಬಿಟ್ಟು ಕೂರುತ್ತಾನೆ,
ಮೂಟೆಯ ಮೇಲೆ, ಎರಡು ಮೊಟ್ಟೆ, ಒಂದು ರೊಟ್ಟಿಯ ಕಾಲು ಭಾಗ.
ಬಾಬುತ್ಸಾ ಸಾಲಿನಿಂದಲೇ ಬೈಯುತ್ತಾಳೆ,
ಕಾಯುತ್ತಾಳೆ.
ಕೆಳಗಿನ ಸಾಲಿನ ರೊಟ್ಟಿಗೆ ಅಳಿಯ ಬಗ್ಗುತ್ತಾನೆ.
ಹೊಟ್ಟೆ ಇನ್ನೂ ಇದೆ, ಸ್ವಲ್ಪ ಸ್ವಲ್ಪವೇ ಇಳಿಯುತ್ತಿರಬಹುದು,
ತೂಕ ನೋಡುವುದನ್ನು ಬಿಟ್ಟಿದ್ದೇವೆ.

ಅವತ್ತು ಬೆಲ್ಟು ಬಿಗಿಯಾಗಿದ್ದರಿಂದಲೇ ತಾನು ಉಳಿದದ್ದೆಂದು
ಕುಡಿದಾಗ ನೆಂಟರ ಮುಂದೆ ವಾದಿಸುತ್ತಾನೆ:
‘ಐದನೆಯ ತೂತು! ಜಾರಲೇ ಇಲ್ಲ!’
ಎಳೆದವಳು ನಾನು.
ನನ್ನ ಬೆರಳಿಗೆ ನೆನಪಿದೆ,
ಅದು ಮೂರನೆಯದರಲ್ಲಿತ್ತು.
ಹೇಳಿಲ್ಲ.