ಅಪ್ಪ ಶಿಕ್ಷೆ ಕೊಂಡದ್ದು

ಭಾನುವಾರ. ಶಿಕಾಗೋದಲ್ಲಿ ಬೆಳಗಿನ ಏಳು,
ಅಜ್ಜಿಯ ಊರಲ್ಲಿ ಮಧ್ಯಾಹ್ನ ಎರಡು.
ನಿಮಿಷಕ್ಕಿಷ್ಟೆಂದು ಕಾಸು ನುಂಗುವ ಫೋನಿನೊಳಗೆ
ಅಪ್ಪ ಕೂಗಿದ: "ಅಮ್ಮಾ, ಕಾರಾ ಕೊಂಡೆ!"

ಕಾರಾ ಎಂದರೆ ಕಾರು, ಮಿಲ್ವಾಕಿ ಅವೆನ್ಯೂವಿನ ಪೋಲಿಷಿನಲ್ಲಿ.
ಕಾರಾ ಎಂದರೆ ಶಿಕ್ಷೆ, ಅಜ್ಜಿಯ ಪೋಲಿಷಿನಲ್ಲಿ.
ಪಾದ್ರಿಯ ಮನೆಯ ಫೋನು ಹಿಡಿದು ನಿಂತ ಗೆನೊವೆಫಾ ಅಜ್ಜಿ
ತುಸು ಹೊತ್ತು ಮಾತೇ ಆಡಲಿಲ್ಲ.
"ಎಷ್ಟು ವರ್ಷ?"
"ಮೂರು. ಕಂತಿನ ಮೇಲೆ."
"ಈಗೆಲ್ಲಿ?"
"ನಾ ಕೊರ್ನೆಝೆ, ಷೋಪದ ಎದುರಿಗೆ."
ಷೋಪ ಅಪ್ಪನಿಗೆ ಅಂಗಡಿ, ಅವಳಿಗೆ ಕೊಟ್ಟಿಗೆ.
ಆ ವಾರವೇ ಎರಡು ಬಲಿಪೂಜೆ ಹೇಳಿಸಿದಳು,
ಮಗನ ಬಿಡುಗಡೆಗೆ.

ನಾನು ಹುಟ್ಟಿದ್ದು ಈ ಮಾತಿನ ನೆಲಮಾಳಿಗೆಯಲ್ಲಿ,
ಅಪ್ಪ ಅನ್ನುವಂತೆ, ಬೇಜ್ಮೆಂಚೆಯಲ್ಲಿ.
ಬೆಳಗ್ಗೆ ಗಾರ್ಬಿಚ್ ಹೊರಗಿಡು, ಸಂಜೆ ಬಿಲ್ಸಿ ಕಟ್ಟು.
ಬಿಲ್ಲಿಗೆ ಇಂಗ್ಲಿಷಿನದೊಂದು ಬಹುವಚನ,
ಸಾಲದೆಂದು ಮೇಲೊಂದು ಪೋಲಿಷಿನದು.
ಯಾಕೆಂದು ಕಟ್ಟುವವನಿಗೇ ಗೊತ್ತು.

ಸಪ್ತಮಿಗೆ ಇಳಿದದ್ದೇ ತಡ, ಕಾರ್ನರಿನ ರೇಫ
ನಾಲಗೆಯ ಬಿಸಿಗೆ ಕರಗಿ ಝಕಾರವಾಗುತ್ತದೆ.
ಛಾವಣಿಗೆ ಟಾರು ಬಳಿಯುವ ಝೆನೋನ್‌ಗೆ, ನನ್ನಪ್ಪನಿಗೆ,
ವಿಭಕ್ತಿ ಎಂದರೇನೆಂದು ಕೇಳಿ ನೋಡಿ,
"ಟೈಮಿಲ್ಲ, ಬಾಸ್ ನೋಡ್ತಿದಾನೆ" ಅಂದಾನು.
ಆದರೂ ಒಂದು ಪ್ರತ್ಯಯ ತಪ್ಪಿದ್ದು ನಾ ಕೇಳಿಲ್ಲ.
ಯಾವ ಪರದೇಶಿ ಪದ ಬರಲಿ,
ಹೊಸ್ತಿಲಲ್ಲೇ ಅದರ ಬೂಟು ಬಿಚ್ಚಿಸಿ
ಮನೆಯೊಳಗಿನ ಮೆತ್ತನೆ ಚಪ್ಪಲಿ ತೊಡಿಸಿ ಕರೆಯುತ್ತಾನೆ,
ನೆಂಟರನ್ನು ಕರೆದ ಹಾಗೆ.

ಶನಿವಾರದ ಶಾಲೆಯಲ್ಲಿ ಪಾನಿ ಓಟಿಲಿಯಾ
ನನ್ನ ಪ್ರಬಂಧದ ಕಾರಾಕ್ಕೆ ಕೆಂಪು ಗೆರೆ ಎಳೆದು
ಪಕ್ಕದಲ್ಲಿ ಬರೆದಳು, ಸಾಮೋಹುತ್.
ತಾನಾಗಿ ನಡೆಯುವುದು ಎಂದರ್ಥವಂತೆ.
ನಮ್ಮದು ಒಂದು ದಿನವೂ ತಾನಾಗಿ ನಡೆದದ್ದಿಲ್ಲ.
ಜನವರಿಯಲ್ಲಿ ಮೂವರು ನೂಕಬೇಕು,
ನಾಲ್ಕನೆಯವರು, ಅಮ್ಮ, ಬಯ್ಯಬೇಕು,
ಆ ಬೈಗುಳ ಮಾತ್ರ ಅಪ್ಪಟ ಪೋಲಿಷ್.

ಅಜ್ಜಿ ಹೋದಾಗ
ಹತ್ತೊಂಬತ್ತು ವರ್ಷಗಳ ಮೇಲೆ ಅಪ್ಪ ಊರಿಗೆ ಹೋದ.
ಹೂವಿನಂಗಡಿಯ ಹುಡುಗಿ ಅವನ ಮಾತಿಗೆ ನಕ್ಕಳಂತೆ.
"ಸೋರಿ" ಅಂದಳಂತೆ, "ವೀಕೆಂಡಿಗೆ ಡೆಲಿವರಿ ಇಲ್ಲ."
ಅವಳ ಇಂಗ್ಲಿಷು ಇಸ್ತ್ರಿ ಹಾಕಿದ್ದು, ಪರದೆಯಿಂದ ಇಳಿದದ್ದು.
ಅಪ್ಪನದು ಟಾರು ಮೆತ್ತಿದ್ದು.
ಹೂವು ತಾನೇ ಹೊತ್ತುಕೊಂಡು ನಡೆದ,
ಎರಡೂ ಭಾಷೆಯಲ್ಲಿ ಸುಮ್ಮನೆ.

ಮಣ್ಣು ಮುಗಿಸಿ ಬಂದು ಊಟಕ್ಕೆ ಕೂತಾಗ
ಚಿಕ್ಕಮ್ಮ ಸೂಪು ಬಡಿಸುತ್ತ ಹೇಳಿದಳಂತೆ:
"ಅತ್ತೆ ಕೊನೆಕೊನೆಗೆ ಎಲ್ಲದಕ್ಕೂ ಕಾರಾ ಅನ್ನೋರು,
ಬಸ್ಸಿಗೆ, ಹಾಲಿನ ಲಾರಿಗೆ, ಪಾದ್ರಿಯ ಸ್ಕೂಟರಿಗೂ.
ಆ ರಾತ್ರಿ ಆಂಬುಲೆನ್ಸಿಗೆ ಕಾಯ್ತಾ, ಕಿಟಕಿಗೆ ಮುಖ ಒತ್ತಿ,
ನೋಡೇ, ಕಾರಾ ಬಂತಾ, ನಾ ಕೊರ್ನೆಝೆ, ಅಂದ್ರು.
ನಮ್ಮೂರಲ್ಲಿ ಇರೋದು ಒಂದೇ ದಾರಿ.
ತಿರುವೇ ಇಲ್ಲ."

ಇದನ್ನು ಅಪ್ಪ ಹೇಳಿದ್ದು
ಏರ್‌ಪೋರ್ಟಿನಿಂದ ಅವನನ್ನು ಕರೆತರುವಾಗ.
ಕಾರು ನಾನು ಓಡಿಸುತ್ತಿದ್ದೆ, ಮಂಜು ಬೀಳುತ್ತಿತ್ತು.
ಹೇಳಿ, ಬೆಲ್ಟು ಸರಿಮಾಡಿಕೊಂಡು,
"ಮೆಲ್ಲಗೆ, ಮುಂದೆ ಸಿಗ್ನಲ್ಲಿದೆ" ಎಂದ.
ಯಾವ ಭಾಷೆಯಲ್ಲೆಂದು
ನಾನು ಗಮನಿಸಲಿಲ್ಲ.